ತೀರ್ಥನ್ ಕಣಿವೆಯ ಅಣಬೆ ನಡಿಗೆ: ಗೈಡ್‌ಗೆ ಫುಲ್ ಮಾರ್ಕ್ಸ್, ಜಾಹೀರಾತಿಗೆ ಸೊನ್ನೆ

ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಆಗಸ್ಟ್‌ನ ಅಣಬೆ ನಡಿಗೆಗೆ ದುಡ್ಡು ಕಟ್ಟುವ ಮೊದಲು ಒಂದು ವಿಷಯ ಕೇಳಿ. ಆಯೋಜಕರ ಜಾಹೀರಾತಿನಲ್ಲಿ ದೊಡ್ಡದಾಗಿ ಗುಚ್ಚಿಯ (ಮೋರೆಲ್ ಅನ್ನುವ ಕಾಡು ಅಣಬೆ) ಫೋಟೊ ಇದೆ. ಗುಚ್ಚಿ ಏಳುವುದು ಹಿಮ ಕರಗಿದ ಮೇಲೆ, ಹೆಚ್ಚಾಗಿ ಮಾರ್ಚ್‌ನಿಂದ ಮೇ ತನಕ. ಮಳೆಗಾಲದ ನಡಿಗೆಗೆ ಆ ಫೋಟೊ ಯಾಕೆ? ಅದನ್ನೇ ನಂಬಿ ಬಂದವರು ಮಧ್ಯಾಹ್ನದ ಹೊತ್ತಿಗೆ ಮುಖ ಊದಿಸಿಕೊಂಡಿದ್ದರು, ಅವರ ಸಿಟ್ಟು ನ್ಯಾಯವೇ.

ಆದರೆ ಗೈಡ್ ಅಪ್ಪಟ ಬಂಗಾರ. ಅಲ್ಲೇ ಹಳ್ಳಿಯವರು. ಅಣಬೆಗಿಂತ ಮೊದಲು ಮೇಲಿನ ಮರ ನೋಡಿ ಅನ್ನುತ್ತಾರೆ, ಯಾಕಂದ್ರೆ ಎಷ್ಟೋ ಅಣಬೆಗಳು ದೇವದಾರು, ಓಕ್‌ಗಳ ಬೇರಿಗೆ ಅಂಟಿಕೊಂಡೇ ಬದುಕುತ್ತವೆ, ಮರಕ್ಕೆ ನೀರು, ರಂಜಕ ಒದಗಿಸಿ ಸಕ್ಕರೆ ಪಡೆಯುತ್ತವೆ. ಯಾರೋ ತುಳಿದು ಮುರಿದಿದ್ದ ಒಂದು ಬೊಲೀಟ್ ಜಾತಿಯ ಅಣಬೆಯನ್ನು ಎತ್ತಿ ತೋರಿಸಿದರು. ಟೋಪಿಯ ಕೆಳಗೆ ಪದರಗಳಿಲ್ಲ, ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು. ಸ್ವಲ್ಪ ಸೀಳಿದ್ದೇ ತಡ, ಹಳದಿ ತಿರುಳು ನೋಡುನೋಡುತ್ತಲೇ ನೀಲಿ!

ಅಮಾನಿಟಾ ಕುಲದ ಅಣಬೆ ಸಿಕ್ಕಾಗ ಜಾಸ್ತಿ ಹೊತ್ತು ನಿಂತೆವು. ಬುಡದ ಮಣ್ಣನ್ನು ಬೆರಳಲ್ಲೇ ಸರಿಸಿ ಒಳಗಿನ ಚೀಲ ತೋರಿಸಿದರು. ಮೇಲಿಂದ ಸುಮ್ನೆ ಕಿತ್ತರೆ ಈ ಚೀಲ ಮಣ್ಣಲ್ಲೇ ಉಳಿದು ಮುಖ್ಯ ಗುರುತೇ ಕಳೆದುಹೋಗುತ್ತದೆ. ಈ ಕುಲದ ಮಾರಕ ಜಾತಿಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಶುರುವಾಗಲು ಆರು ತಾಸಿಗಿಂತ ಜಾಸ್ತಿ ಹಿಡಿಯಬಹುದು, ಆಮೇಲೆ ಹುಷಾರಾದೆ ಅನ್ನಿಸುವಾಗಲೇ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. 'ಇದನ್ನ ತಿನ್ನಬಹುದಾ' ಅಂತ ಪ್ರತಿ ಅಣಬೆಗೂ ಕೇಳುವವರೊಬ್ಬರು ನಮ್ಮಲ್ಲಿದ್ದರು (ಎಲ್ಲ ಗುಂಪಲ್ಲೂ ಇರ್ತಾರೆ ಬಿಡಿ). ಗೈಡ್ ಒಮ್ಮೆಯೂ ಹೂಂ ಅನ್ನಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ.

ಇನ್ನು ಆಯೋಜಕರ ಕೆಲಸ. ಕಿರಿದಾದ ದಾರಿಗೆ ವಿಪರೀತ ಜನ, ಎಲ್ಲರಿಗೂ ಸೇರಿ ಒಂದೇ ಭೂತಕನ್ನಡಿ. ಹಿಂದಿದ್ದವರಿಗೆ ಕಂಡಿದ್ದು ಮುಂದಿನವರ ರೇನ್‌ಕೋಟ್ ಮಾತ್ರ. ಕೊಟ್ಟ ಚಿತ್ರದ ಹಾಳೆ ಮಳೆಗೆ ಒದ್ದೆಯಾಗಿ ಹರಿದೇಹೋಯಿತು. ಊಟ ಪರವಾಗಿಲ್ಲ.

ಹೋಗುವವರು ಸ್ವಂತ ಭೂತಕನ್ನಡಿ ಮತ್ತು ಒಂದು ಪುಟ್ಟ ಕನ್ನಡಿ ಇಟ್ಟುಕೊಳ್ಳಿ. ಕನ್ನಡಿ ಹಿಡಿದರೆ ಅಣಬೆ ಕೀಳದೆಯೇ ಟೋಪಿಯ ಅಡಿಭಾಗ ಕಾಣುತ್ತದೆ. ಮಳೆಗಾಲದಲ್ಲಿ ಕುಲ್ಲು ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ವಾಪಸ್ ಟಿಕೆಟ್‌ಗೆ ಒಂದು ದಿನ ಬಿಡುವು ಇರಲಿ. ಗುಂಪಲ್ಲಿ ಎಷ್ಟು ಜನ ಅಂತ ಮೊದಲೇ ಕೇಳಿ, ಹತ್ತು ದಾಟಿದರೆ ಬೇಡ ಅನ್ನಿ.