ಹಳೆಯ ಪಿಕಪ್‌ನ ಕ್ಯಾಬಿನ್‌ಗೆ ಸೋರುವ ಮಳೆನೀರು: ಸಿಲಿಕೋನ್, ಬ್ಯೂಟೈಲ್, ಪಾಲಿಯುರೆಥೇನ್, ಹೊಸ ರಬ್ಬರ್ – ಹಚ್ಚಿ ನೋಡಿದ ಮೇಲೆ ಮಾಡಿದ ಹೋಲಿಕೆ

ನನ್ನ ಪಿಕಪ್‌ಗೆ 30 ವರ್ಷ ದಾಟಿದೆ. ಅದರ ಮುಂದಿನ ಗಾಜೂ ಹಿಂದಿನ ಗಾಜೂ ಅಂಟಿನಿಂದ ಕೂತವಲ್ಲ, ಸುತ್ತಲಿನ ದಪ್ಪ ರಬ್ಬರ್ ಬೀಡಿಂಗ್‌ನ ಹಿಡಿತದಲ್ಲಿ ನಿಂತವು. ಒಂದು ರಾತ್ರಿ ಮಳೆಗೆ ನಿಂತಿತೆಂದರೆ ಬೆಳಿಗ್ಗೆ ಚಾಲಕನ ಪಕ್ಕದ ಸೀಟಿನ ಮುಂದೆ, ಮ್ಯಾಟಿನ ಅಡಿಯಲ್ಲಿ, ಕೈಯದ್ದಿದರೆ ಬೆರಳು ಮುಳುಗುವಷ್ಟು ನೀರು ಇರುತ್ತಿತ್ತು. ಈ ತೊಂದರೆಗೆ ಸಾಮಾನ್ಯವಾಗಿ ಹೇಳುವ ಪರಿಹಾರಗಳಲ್ಲಿ ಹೆಚ್ಚಿನವನ್ನು ನಾನು ಕಳೆದ ಮೂರು ಮಳೆಗಾಲಗಳಲ್ಲಿ ಒಂದಾದ ಮೇಲೊಂದರಂತೆ ಪ್ರಯೋಗಿಸಿದ್ದೇನೆ. ಕೆಲವನ್ನು ಒಂದೇ ಗಾಜಿನ ಎಡಕ್ಕೊಂದು, ಬಲಕ್ಕೊಂದು ಎಂಬಂತೆ ಹಚ್ಚಿಯೂ ನೋಡಿದ್ದೇನೆ. ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೆ: ಸೋರಿಕೆ ನಿಂತಿತೇ, ಎಷ್ಟು ಕಾಲ ನಿಂತಿತು, ಮತ್ತು ಹಚ್ಚಿದ್ದು ಕೈಕೊಟ್ಟ ದಿನ ಅದನ್ನು ಕಿತ್ತು ತೆಗೆಯಲು ಎಷ್ಟು ಕಷ್ಟವಾಯಿತು. ಮೊದಲೆರಡನ್ನು ಎಲ್ಲರೂ ಕೇಳುತ್ತಾರೆ. ನನ್ನ ತೀರ್ಮಾನಗಳನ್ನು ತಿರುಗಿಸಿದ್ದು ಮೂರನೆಯದು.

ವಸ್ತುಗಳ ಮಾತಿಗೆ ಮೊದಲು ಸೋರಿಕೆಯ ಮೂಲವನ್ನು ಹುಡುಕುವ ವಿಧಾನಗಳನ್ನೇ ಹೋಲಿಸಬೇಕಾಗುತ್ತದೆ, ಏಕೆಂದರೆ ನೀರು ಒಳಗೆ ಕಾಣಿಸಿಕೊಳ್ಳುವ ಜಾಗಕ್ಕೂ ಅದು ಹೊಕ್ಕ ಜಾಗಕ್ಕೂ ಎಷ್ಟೋ ಸಲ ಬಹಳ ದೂರವಿರುತ್ತದೆ. ಚಾವಣಿಯ ಅಂಚಿನ ಬಿರುಕಿನಲ್ಲಿ ಇಳಿದ ಹನಿ, ಮುಂಗಾಜಿನ ಪಕ್ಕದ ಕಂಬದ ಟೊಳ್ಳಿನೊಳಗೆ ಜಾರಿ, ಕಾಲಿಡುವ ಜಾಗದಲ್ಲಿ ಹೊರಗೆ ಬರುತ್ತದೆ. ನೋಡಿದವರೆಲ್ಲ ಮುಂಗಾಜನ್ನೇ ದೂರುತ್ತಾರೆ. ಮೊದಲ ವರ್ಷ ನಾನೂ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮುಂಗಾಜಿನ ಸುತ್ತ ಒಂದಿಡೀ ಟ್ಯೂಬ್ ಸಿಲಿಕೋನ್ ಅಂಟು ಹಚ್ಚಿ ಕುಳಿತಿದ್ದೆ. ಆ ಗಾಜಿನ ಕೆಳಮೂಲೆಯೂ ಸೋರುತ್ತಿತ್ತೆಂಬುದು ನಿಜ, ಆದರೆ ಮ್ಯಾಟಿನ ಅಡಿಯ ನೀರಿನ ಮುಕ್ಕಾಲು ಪಾಲು ಬರುತ್ತಿದ್ದುದು ಚಾವಣಿಯಿಂದ.

ಹುಡುಕುವ ವಿಧಾನಗಳಲ್ಲಿ ನನಗೆ ಅತ್ಯಂತ ನಂಬಿಕೆ ಬಂದದ್ದು ಸಾದಾ ಹೋಸ್ ಪೈಪಿನ ಪರೀಕ್ಷೆಯ ಮೇಲೆ. ಸೀಟು, ಮ್ಯಾಟು ಮತ್ತು ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳಗಳನ್ನು ತೆಗೆದು, ಒಬ್ಬರನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಒತ್ತಡವಿಲ್ಲದ ತೆಳುಧಾರೆಯನ್ನು ಬಿಡಬೇಕು. ತೀರ ಕೆಳಗಿನಿಂದ ಆರಂಭಿಸಿ, ಒಂದೊಂದು ಜಾಗದಲ್ಲೂ ನಾಲ್ಕೈದು ನಿಮಿಷ ನಿಲ್ಲಿಸಿ, ಆಮೇಲೆ ಒಂದು ಗೇಣು ಮೇಲೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಕೀಲುಗಳೂ ಒಮ್ಮೆಗೇ ನೆನೆದು, ಕಳ್ಳ ಯಾರೆಂಬುದು ತಿಳಿಯುವುದಿಲ್ಲ. ವಾಹನ ತೊಳೆಯುವ ಒತ್ತಡದ ಯಂತ್ರವನ್ನು ಬಳಸಬಾರದು. ಅದು ಒಳ್ಳೆಯ ಬೀಡಿಂಗ್‌ನೊಳಗೂ ನೀರನ್ನು ನುಗ್ಗಿಸಿ, ಇಲ್ಲದ ಸೋರಿಕೆಯನ್ನು ಸೃಷ್ಟಿಸುತ್ತದೆ.

ಇದಕ್ಕೆ ಪ್ರತಿಸ್ಪರ್ಧಿಯಾದ ಸಾಬೂನಿನ ಪರೀಕ್ಷೆಯಲ್ಲಿ, ಗಾಜುಗಳನ್ನೆಲ್ಲ ಏರಿಸಿ, ಹೊರಗಿನ ಗಾಳಿ ಒಳಬರುವಂತೆ ಬ್ಲೋವರನ್ನು ಪೂರ್ಣ ವೇಗದಲ್ಲಿಟ್ಟು, ಹೊರಗಿನ ಕೀಲುಗಳಿಗೆ ಸಾಬೂನು ನೀರು ಸವರಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಒಬ್ಬರೇ ಮಾಡಬಹುದೆಂಬುದು ಇದರ ಲಾಭ. ನನ್ನ ಗಾಡಿಯ ದಣಿದ ಬ್ಲೋವರ್ ಹಿಂಗಾಜಿನ ಒಂದು ಮೂಲೆಯನ್ನು ಮಾತ್ರ ತೋರಿಸಿಕೊಟ್ಟಿತು. ಗಾಳಿಯನ್ನು ಒಳಗೆಳೆಯುವ ಜಾಲರಿಯ ಕಡೆಯ ಸೋರಿಕೆಯನ್ನಂತೂ ಈ ವಿಧಾನ ತೋರಿಸುವಂತೆಯೇ ಇಲ್ಲ. ಬಾಗಿಲಿಗೆ ಮಾತ್ರ ಇವೆರಡಕ್ಕಿಂತ ಕಾಗದದ ಪಟ್ಟಿಯೇ ಚುರುಕು: ಪಟ್ಟಿಯನ್ನು ಬೀಡಿಂಗ್‌ ಮೇಲಿಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಬಿಗಿಯಾಗಿ ಬರಬೇಕು, ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ ಎಂದರ್ಥ. ಇನ್ನು, ನೆಲ ಒದ್ದೆಯಾಗಿದ್ದ ಮಾತ್ರಕ್ಕೆ ಅದು ಮಳೆನೀರೇ ಆಗಬೇಕೆಂದಿಲ್ಲ. ಜಿಗುಟಾಗಿ ಸಿಹಿವಾಸನೆ ಬಂದರೆ ಅದು ಹೀಟರಿನಿಂದ ಸೋರಿದ ಕೂಲಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ. ಒಣಹವೆಯಲ್ಲೂ ಎಸಿ ಓಡಿಸಿದ ಮೇಲೆ ನೀರು ಕಂಡರೆ ಎಸಿಯ ನೀರು ಹೊರಹೋಗುವ ನಳಿಕೆ ಕಟ್ಟಿಕೊಂಡಿರುತ್ತದೆ.

ಈಗ ಮುಂಗಾಜಿಗೆ ಬರುತ್ತೇನೆ. ಮೊದಲು ಕೈಗೆ ಸಿಕ್ಕಿದ್ದು, ಎಲ್ಲರಿಗೂ ಸಿಗುವಂತೆ, ಮನೆಗೆಲಸದ ಸಿಲಿಕೋನ್. ಹಚ್ಚಲು ಸುಲಭ, ಬೇಗ ಗಟ್ಟಿಯಾಗುತ್ತದೆ, ಮೊದಲ ಮಳೆಗೆ ಸೋರಿಕೆ ನಿಂತಂತೆಯೂ ಕಾಣುತ್ತದೆ. ಆದರೆ ಹಳೆಯ ರಬ್ಬರಿನ ಮೇಲೆ ಅದರ ಹಿಡಿತ ಬಹಳ ದುರ್ಬಲ. ಎರಡು ತಿಂಗಳ ಬಿಸಿಲಿಗೆ ಅದರ ಅಂಚು ಎದ್ದು, ಉಗುರಿನಿಂದ ಎಳೆದರೆ ಪಟ್ಟಿಯಂತೆ ಕಿತ್ತು ಬಂತು. ಗಟ್ಟಿಯಾಗುವಾಗ ವಿನಿಗರ್ ವಾಸನೆ ಬಿಡುವ ಬಗೆಯ ಸಿಲಿಕೋನ್ ಅಸಿಟಿಕ್ ಆಮ್ಲವನ್ನು ಹೊರಬಿಡುವುದರಿಂದ, ಬಣ್ಣ ಹೋದ ತಗಡಿಗೆ ಅದು ತಾಗಿದರೆ ತುಕ್ಕಿಗೆ ತಾನೇ ಬಾಗಿಲು ತೆರೆದಂತಾಗುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಬೀಡಿಂಗ್‌ನ ಕೆಳ ಅಂಚನ್ನೂ ನಾನು ಮುಚ್ಚಿದ್ದರಿಂದ, ಮೇಲಿನಿಂದ ಹೇಗೋ ಒಳಸೇರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ, ಅದು ರಬ್ಬರಿನ ಒಳಗಾಲುವೆಯಲ್ಲೇ ನಿಂತು ತಗಡನ್ನು ತಿನ್ನತೊಡಗಿತ್ತು. ಕಿತ್ತ ಮೇಲೂ ಉಳಿಯುವ ಕಣ್ಣಿಗೆ ಕಾಣದ ಪೊರೆಯ ಮೇಲೆ ಬಣ್ಣ ಹಿಡಿಯುವುದಿಲ್ಲ, ಸಂದಿ ಮುಚ್ಚುವ ಬೇರೆ ಯಾವ ಅಂಟೂ, ಅಂದರೆ ಸೀಲಂಟ್, ಹಿಡಿಯುವುದಿಲ್ಲ; ಬ್ಲೇಡಿನಿಂದ ಹೆರೆದು, ದ್ರಾವಕದಿಂದ ಒರೆಸಿ, ಮತ್ತೆ ಹೆರೆದು ನಾನು ಕಳೆದ ಎರಡು ದಿನಗಳನ್ನು ಟ್ಯೂಬಿನ ಬೆಲೆಗೆ ಸೇರಿಸಿದರೆ ಇದಕ್ಕಿಂತ ದುಬಾರಿ ವಸ್ತು ಮತ್ತೊಂದಿಲ್ಲ.

ಎರಡನೆಯ ವರ್ಷ ಗಾಜಿನ ಎಡಭಾಗಕ್ಕೆ ತೆಳುವಾಗಿ ಹರಿಯುವ ಸಿಲಿಕೋನನ್ನು, ಬಲಭಾಗಕ್ಕೆ ಗಾಜಿನ ಅಂಚಿಗೆಂದೇ ಇರುವ, ಎಂದೂ ಗಟ್ಟಿಯಾಗದ ಕಪ್ಪು ಸೀಲಂಟನ್ನು ಬಳಸಿದೆ. ಹೆಸರು ಸಿಲಿಕೋನ್ ಎಂದಿದ್ದರೂ ಹರಿಯುವ ಬಗೆಯ ನಡತೆ ಬೇರೆ: ಅದು ಗಾಜಿಗೂ ರಬ್ಬರಿಗೂ ನಡುವಿನ ಕೂದಲೆಳೆಯಷ್ಟು ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗಿ ಅಲ್ಲಿ ಮೆತ್ತಗೆ ಗಟ್ಟಿಯಾಗುತ್ತದೆ. ಸಂದಿ ಪೂರ್ತಿ ಒಣಗಿರಬೇಕು, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಗಾಜು ಮತ್ತು ರಬ್ಬರಿನ ನಡುವೆ ಅದು ಚೆನ್ನಾಗಿ ಕೆಲಸ ಮಾಡಿತು. ರಬ್ಬರ್ ಮತ್ತು ತಗಡಿನ ನಡುವೆ, ತುಕ್ಕಿನ ಉಬ್ಬುತಗ್ಗುಗಳಿದ್ದಲ್ಲಿ, ತುಂಬುವಷ್ಟು ಮೈ ಅದಕ್ಕಿಲ್ಲ. ಅಲ್ಲಿ ಗೆದ್ದದ್ದು ಗಟ್ಟಿಯಾಗದ ಕಪ್ಪು ಸೀಲಂಟ್. ಪ್ಲಾಸ್ಟಿಕ್ ಪಟ್ಟಿಯಿಂದ ರಬ್ಬರಿನ ತುಟಿಯನ್ನು ಎತ್ತಿ ಹಿಡಿದು, ನಳಿಕೆಯ ಮೂತಿಯನ್ನು ಒಳಗೆ ತೂರಿಸಿ ತುಂಬಬೇಕು. ಕೈ, ಬಟ್ಟೆ, ಸ್ಟೀರಿಂಗ್ ಎಲ್ಲವೂ ಡಾಂಬರು ಮೆತ್ತಿಕೊಂಡಂತಾಗುತ್ತವೆ. ಒರೆಸಲು ಸೀಮೆಎಣ್ಣೆಯನ್ನು ಬಟ್ಟೆಗೆ ತುಸುವೇ ಹಚ್ಚಿಕೊಳ್ಳಬೇಕು, ರಬ್ಬರಿನ ಮೇಲೆ ಸುರಿದರೆ ಅದು ಉಬ್ಬುತ್ತದೆ. ಗಾಡಿ ತಿರುಚಿದಾಗ ಗಾಜು ಅಲುಗಿದರೂ ಈ ಸೀಲಂಟ್ ಜೊತೆಗೇ ಅಲುಗುತ್ತದೆ, ಬಿರಿಯುವುದಿಲ್ಲ, ಮತ್ತು ಮುಂದೊಂದು ದಿನ ಗಾಜು ಬಿಚ್ಚುವಾಗ ಅಡ್ಡ ಬರುವುದಿಲ್ಲ.

ಪಾಲಿಯುರೆಥೇನನ್ನು ಮುಂಗಾಜಿಗೆ ನಾನು ಬೇಕೆಂದೇ ಹಚ್ಚಲಿಲ್ಲ. ಹಿಂಗಾಜಿನ ಮೂಲೆಯಲ್ಲಿ ಒಂದು ಗೇಣಿನಷ್ಟು ಪ್ರಯೋಗಿಸಿದೆ. ಗಾಳಿಯ ತೇವದಿಂದ ಗಟ್ಟಿಯಾಗುವ ಈ ಅಂಟಿನ ಹಿಡಿತ ಅಸಾಧಾರಣವಾದದ್ದು, ತೊಂದರೆ ಇರುವುದೂ ಅಲ್ಲೇ. ರಬ್ಬರಿನಲ್ಲಿ ಕೂತ ಗಾಜಿಗೆ ಅದನ್ನು ಸುತ್ತಲೂ ಹಚ್ಚಿದರೆ ಮುಂದೆ ರಬ್ಬರನ್ನು ಕತ್ತರಿಸದೆ, ಬಹುಶಃ ಗಾಜನ್ನೂ ಒಡೆಯದೆ, ಬಿಚ್ಚಲಾಗುವುದಿಲ್ಲ. ಆ ಒಂದು ಗೇಣನ್ನು ಬಿಡಿಸಲು ಹೋದಾಗಲೇ ಬೀಡಿಂಗ್‌ನ ತುಟಿ ಹರಿಯಿತು. ಆದರೆ ಗಾಜು ಅಂಟಿನಿಂದಲೇ ಕೂತಿರುವ ಗಾಡಿಗಳಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಗಾಜು ಕ್ಯಾಬಿನ್‌ನ ಬಲದ ಭಾಗವಾಗಿರುವುದರಿಂದ ಅಂಟು ಹಿಡಿಯಲೆಂದು ಮೊದಲೇ ಬಳಿಯುವ ಪ್ರೈಮರ್ ಸಹಿತ ಪಾಲಿಯುರೆಥೇನೊಂದೇ ಸರಿ. ತಯಾರಕರು ಹೇಳಿದಷ್ಟು ಹೊತ್ತು ಕಳೆಯುವ ಮೊದಲು ಅಂಥ ಗಾಡಿಯನ್ನು ಓಡಿಸಬಾರದು. ಬ್ಯೂಟೈಲ್ ಎಂಬ ಮೆತ್ತನೆಯ ಜಿಗುಟು ರಬ್ಬರಿನ ಟೇಪಿನಿಂದ ಅಂಥ ಗಾಜನ್ನು ಕೂರಿಸುವವರನ್ನು ನೋಡಿದ್ದೇನೆ; ನೀರು ನಿಲ್ಲುತ್ತದೆ, ಅಪಘಾತದಲ್ಲಿ ಗಾಜು ನಿಲ್ಲುವುದಿಲ್ಲ.

ಇಷ್ಟೆಲ್ಲ ಸೀಲಂಟ್‌ಗಳಿಗೂ ಮೇಲಾದದ್ದು ಹೊಸ ಬೀಡಿಂಗ್. ಮೂರನೆಯ ವರ್ಷ ಮುಂಗಾಜನ್ನು ಇಬ್ಬರು ಸೇರಿ ಒಳಗಿನಿಂದ ಮೆಲ್ಲಗೆ ನೂಕಿ ತೆಗೆದಾಗ, ಹಳೆಯ ರಬ್ಬರ್ ಮೂಲೆಗಳಲ್ಲಿ ಕುಗ್ಗಿ ಕಲ್ಲಿನಂತಾಗಿತ್ತು, ಅದರಡಿಯ ತಗಡಿನ ಅಂಚಿನಲ್ಲಿ ಎರಡು ಸಣ್ಣ ತೂತುಗಳಿದ್ದವು. ಯಾವ ಟ್ಯೂಬೂ ಮುಚ್ಚಲಾರದ ತೂತುಗಳವು. ಅವುಗಳಿಗೆ ತಗಡಿನ ತೇಪೆ ಬೆಸೆಸಿ, ಉಳಿದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ ಕೊಟ್ಟು ಒಣಗಿಸಿದೆವು. ಆಮೇಲೆ ಬೀಡಿಂಗನ್ನು ಗಾಜಿಗೆ ತೊಡಿಸಿ, ಅದರ ಹೊರಗಾಲುವೆಯಲ್ಲಿ ತೆಳುವಾದ ಹಗ್ಗವನ್ನು ಸುತ್ತಲೂ ಕೂರಿಸಿ, ಸಾಬೂನು ನೀರು ಸವರಿ, ಗಾಜನ್ನು ಜಾಗಕ್ಕೆ ಹಿಡಿದು, ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿದ್ದಂತೆ ಇನ್ನೊಬ್ಬರು ಒಳಗಿನಿಂದ ಹಗ್ಗವನ್ನು ಎಳೆಯುತ್ತ ಬಂದರೆ ರಬ್ಬರಿನ ತುಟಿ ತಾನಾಗಿ ತಗಡಿನ ಅಂಚಿನ ಮೇಲೆ ಮಗುಚಿ ಕೂರುತ್ತದೆ. ನೋಡಲು ಜಾದೂವಿನಂತಿರುವ ಈ ಕೆಲಸವನ್ನು ಅವಸರದಲ್ಲಿ ಮಾಡಿದರೆ ಗಾಜು ಮೂಲೆಯಲ್ಲಿ ಬಿರಿಯುತ್ತದೆ. ರಬ್ಬರ್ ಮತ್ತು ತಗಡಿನ ನಡುವೆ ಅದೇ ಕಪ್ಪು ಸೀಲಂಟನ್ನು ಇಲ್ಲೂ ಹಾಕಿದೆ. ಇವೆರಡನ್ನು ಪ್ರತಿಸ್ಪರ್ಧಿಗಳೆಂದು ಎಣಿಸಿದ್ದು ನನ್ನ ತಪ್ಪು ಎಂದು ಆಗ ತಿಳಿಯಿತು.

ಚಾವಣಿಯ ಅಂಚಿನ ನೀರುಗಾಲುವೆಯಲ್ಲಿ ತಗಡುಗಳು ಕೂಡುವಲ್ಲಿ ಕಾರ್ಖಾನೆಯಲ್ಲಿ ಹಚ್ಚಿದ ಸೀಲಂಟ್ ವಯಸ್ಸಾಗಿ ಬಿರಿಯುತ್ತದೆ. ಅದರ ಮೇಲೆ ಬ್ಯೂಟೈಲ್ ಟೇಪನ್ನು ಒತ್ತಿದಾಗ ನೀರು ನಿಂತಿತು, ಆದರೆ ಸದಾ ಜಿಗುಟಾಗಿರುವ ಅದು ಧೂಳು ಹಿಡಿದು, ಬಿಸಿಲಿಗೆ ಮೆತ್ತಗಾಗಿ, ನೀರುಗಾಲುವೆಯನ್ನೇ ಮುಚ್ಚಿತು. ಬಣ್ಣವನ್ನಂತೂ ಅದರ ಮೇಲೆ ಬಳಿಯುವಂತಿಲ್ಲ. ಹಳೆಯ ಸೀಲಂಟನ್ನು ಚೂಪುಮೊನೆಯಿಂದ ಪೂರ್ತಿ ಕೆದರಿ, ತುಕ್ಕು ತೆಗೆದು, ಪ್ರೈಮರ್ ಬಳಿದು, ತಗಡಿನ ಕೀಲು ಮುಚ್ಚುವ, ಬಣ್ಣ ಹಿಡಿಯುವ ಪಾಲಿಯುರೆಥೇನ್ ಸೀಮ್ ಸೀಲರನ್ನು ಬೆರಳಿನಿಂದ ನಯವಾಗಿ ಎಳೆದು, ಮೇಲೆ ಬಣ್ಣ ಕೊಟ್ಟ ಬಲಬದಿ ಎರಡು ಮಳೆಗಾಲ ಕಳೆದರೂ ಹಾಗೇ ಇದೆ. ಮುಂಗಾಜಿಗೆ ಬೇಡವೆಂದ ಅದೇ ವಸ್ತುವಿಗೆ ಇಲ್ಲಿ ಮೊದಲ ಸ್ಥಾನ, ಏಕೆಂದರೆ ಈ ಕೀಲನ್ನು ಯಾರೂ ಮತ್ತೆ ಬಿಚ್ಚಬೇಕಾಗಿಲ್ಲ.

ಬಾಗಿಲುಗಳಲ್ಲಿ ಅಂಟುವ ಸ್ಪಂಜಿನ ಪಟ್ಟಿ ಮತ್ತು ಗಾಡಿಯದೇ ಅಚ್ಚಿನ ಬೀಡಿಂಗ್ ನಡುವೆ ಪೈಪೋಟಿಯೇ ಇಲ್ಲ. ಗಾಳಿಗೂಡು ತೆರೆದಿರುವ ಸ್ಪಂಜು ನೀರನ್ನು ಹೀರಿ ಹಿಡಿದಿಟ್ಟುಕೊಂಡು ವಾರಗಟ್ಟಲೆ ತಗಡನ್ನು ಒದ್ದೆಯಾಗಿಡುತ್ತದೆ. ಗೂಡು ಮುಚ್ಚಿದ ರಬ್ಬರ್ ಸ್ಪಂಜು ಪರವಾಗಿಲ್ಲವಾದರೂ ಅದರ ದಪ್ಪ ತುಸು ಹೆಚ್ಚಾದರೆ ಬಾಗಿಲನ್ನು ಒದ್ದು ಮುಚ್ಚಬೇಕಾಗುತ್ತದೆ. ಹೊಸ ಬೀಡಿಂಗ್ ತರುವ ಮೊದಲು ಬಾಗಿಲು ತನ್ನ ಭಾರಕ್ಕೆ ಇಳಿದಿದೆಯೇ ಎಂದು ಎತ್ತಿ ನೋಡಬೇಕು. ನನ್ನಲ್ಲಿ ಹಿಂಜನ್ನು ಸರಿಪಡಿಸಿದ್ದರಿಂದಲೇ ಅರ್ಧ ಸೋರಿಕೆ ಹೋಯಿತು.

ಉಳಿದರ್ಧದ ಕಾರಣವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಏರಿಳಿಯುವ ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ. ಅದು ಕೆಳಗಿನ ತೂತುಗಳಿಂದ ಹೊರಹೋಗಬೇಕು. ಒಳಗಿನ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುವುದು ಆ ನೀರು ಕ್ಯಾಬಿನ್ ಕಡೆಗೆ ತಿರುಗದಿರಲೆಂದು. ಸ್ಪೀಕರ್ ಹಾಕುವಾಗಲೋ ಗಾಜಿನ ಯಂತ್ರ ರಿಪೇರಿಯಾದಾಗಲೋ ಅದನ್ನು ಹರಿದು ಬಿಸಾಡಿರುತ್ತಾರೆ. ದಪ್ಪ ಪಾಲಿಥಿನ್ ಹಾಳೆಯನ್ನು ಎಡಬಾಗಿಲಿಗೆ ಎರಡು ಬದಿ ಅಂಟುವ ಟೇಪಿನಿಂದ, ಬಲಬಾಗಿಲಿಗೆ ಬ್ಯೂಟೈಲ್ ಎಳೆಯಿಂದ ಅಂಟಿಸಿ, ಎರಡರಲ್ಲೂ ಕೆಳ ಅಂಚನ್ನು ಬಾಗಿಲಿನ ಸೀಳಿನೊಳಕ್ಕೆ ತೂರಿಸಿದೆ. ಟೇಪು ಒಂದೇ ಬೇಸಿಗೆಗೆ ಬಿಟ್ಟಿತು. ಬ್ಯೂಟೈಲ್ ಇನ್ನೂ ಹಿಡಿದಿದೆ, ಬೇಕಾದಾಗ ಬಿಡಿಸಿ ಮತ್ತೆ ಒತ್ತಬಹುದು. ಚಾವಣಿಯಲ್ಲಿ ಸೋತ ವಸ್ತು ಬಿಸಿಲು ಧೂಳು ತಾಗದ ಈ ಜಾಗಕ್ಕೇ ಹುಟ್ಟಿದಂತಿದೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ತಂತಿಗಳು ತೂರುವ ರಬ್ಬರ್ ಬಿಲ್ಲೆಗಳ ಸುತ್ತಲೂ ಅದನ್ನೇ ಒತ್ತಿದ್ದೇನೆ.

ವೈಪರುಗಳ ಕೆಳಗಿನ ಜಾಲರಿಯೊಳಗೆ ಒಂದು ಬುಟ್ಟಿಯಷ್ಟು ಕೊಳೆತ ಎಲೆ ಸಿಕ್ಕಿತು. ತೆಗೆದು, ಅದರ ನೀರಿನ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿದೆ. ಖರ್ಚಿಲ್ಲ, ಹೋಲಿಕೆಗೆ ಪ್ರತಿಸ್ಪರ್ಧಿಯೂ ಇಲ್ಲ.

ನೆಲದ ಹಾಸಿನ ಅಡಿಯ ನಾರಿನ ಪದರ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಲವು ದಿನ ಒದ್ದೆಯಾಗಿಯೇ ಇರುತ್ತದೆ. ನಾನು ಅದನ್ನು ಒಣಗಿಸುವ ಪ್ರಯತ್ನ ಬಿಟ್ಟು ಪೂರ್ತಿ ಕಿತ್ತುಹಾಕಿ, ಪ್ರತಿ ಪರೀಕ್ಷೆಯ ನಂತರ ಬರಿಯ ತಗಡನ್ನೇ ನೋಡುತ್ತಿದ್ದೆ. ಸದ್ಯ ಸೋರುತ್ತಿರುವುದು ಹಿಂಗಾಜಿನ ಆ ಹರಿದ ತುಟಿಯ ಮೂಲೆಯೊಂದೇ, ಅದೂ ಗಾಡಿ ಮೂತಿ ಮೇಲಾಗಿ ನಿಂತಾಗ ಮಾತ್ರ. ಅಲ್ಲಿ ಹರಿಯುವ ಸಿಲಿಕೋನ್ ಹಾಕಿದ್ದೇನೆ, ಒಂದು ಹಳೆಯ ಟವೆಲನ್ನೂ ಇಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಆ ಗಾಜಿನ ಬೀಡಿಂಗನ್ನೂ ಬದಲಿಸಬೇಕು.