ಗ್ಯಾರೇಜ್ ರೇಟು ಅರ್ಧ ಅಂತ ಖುಷಿಪಡುವ ಮೊದಲು ಎಸ್ಟಿಮೇಟ್ ಬಿಡಿಸಿ ಓದಿ

ಕಾರಿನ ವಾರಂಟಿ ಮುಗಿದ ಮೇಲೆ ಬಹಳ ಜನ ಮಾಡುವ ಕೆಲಸ ಒಂದೇ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಒಂದು ಎಸ್ಟಿಮೇಟ್ ತೆಗೆದುಕೊಳ್ಳುವುದು, ಹೊರಗಿನ ಗ್ಯಾರೇಜಿನಲ್ಲಿ ಇನ್ನೊಂದು ಕೇಳುವುದು, ಎರಡರಲ್ಲಿ ಕೊನೆಯ ಮೊತ್ತ ಎಲ್ಲಿ ಕಡಿಮೆಯೋ ಅಲ್ಲಿ ಕಾರು ಬಿಡುವುದು. ಇದರಲ್ಲಿ ಎಲ್ಲಿ ಏಟು ಬೀಳುತ್ತದೆ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಕಾರಿನಲ್ಲಿ ಕೆಟ್ಟಿದ್ದು ಬ್ರೇಕು. ಹಾಗಾಗಿ ಇದು ಬರೀ ದುಡ್ಡಿನ ವಿಷಯ ಅಲ್ಲ.

ತೊಂದರೆ ತೀರಾ ಸಾಮಾನ್ಯದ್ದು. ಸ್ಪೀಡಿನಲ್ಲಿ ಹೋಗುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಹೀಗಾದಾಗ ಮೊದಲ ಅನುಮಾನ ಮುಂದಿನ ಚಕ್ರದ ಡಿಸ್ಕ್ ಮೇಲೆ, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯ ಮೇಲೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರಬೇಕು. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ ಬಂದರೂ ಎರಡೂ ಬದಿಯಿಂದ ಒತ್ತುವ ಪ್ಯಾಡ್ ಅದನ್ನು ಹಿಡಿಯುವಾಗ ನಡುಕ ಕೈವರೆಗೂ ಬರುತ್ತದೆ.

ಸರ್ವಿಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟ್ ಎರಡು ಪುಟ ಇತ್ತು. ಮುಂದಿನ ಎರಡು ಡಿಸ್ಕ್, ಪ್ಯಾಡ್ ಸೆಟ್, ಎರಡೂ ಕಡೆಯ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಬ್ರೇಕ್ ಫ್ಲೂಯಿಡ್. ಅದರ ಕೆಳಗೆ ಎಂಜಿನ್ ಫ್ಲಶ್, ಥ್ರಾಟಲ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್, ವೀಲ್ ಅಲೈನ್‌ಮೆಂಟ್. ಬ್ರೇಕ್ ನಡುಗುತ್ತದೆ ಅಂತ ಹೋದವನಿಗೆ ಎಸಿ ವಾಸನೆಯ ಚಿಂತೆ ಯಾಕೆ ಅಂತ ಗೊತ್ತಾಗಲಿಲ್ಲ. ಇರಲಿ, ಕ್ಯಾಲಿಪರ್ ಯಾಕೆ ಅಂತ ಕೇಳಿದೆ. "ಬ್ರೇಕ್ ವಿಷಯ ಸರ್, ರಿಸ್ಕ್ ಯಾಕೆ ತಗೋತೀರಾ" ಅಂದರು ಅಡ್ವೈಸರ್. ಡಿಸ್ಕ್ ದಪ್ಪ ಎಷ್ಟು ಉಳಿದಿದೆ, ಪ್ಯಾಡ್ ಎಷ್ಟು ಸವೆದಿದೆ, ಕ್ಯಾಲಿಪರಿಗೆ ಏನಾಗಿದೆ, ಒಂದರ ಅಳತೆಯೂ ಎರಡು ಪುಟದಲ್ಲಿ ಇರಲಿಲ್ಲ.

ಹೊರಗಿನ ಗ್ಯಾರೇಜಿನವನು ಕೊಟ್ಟಿದ್ದು ಒಂದು ಚೀಟಿ. ಅದರಲ್ಲಿ ಒಂದೇ ಸಾಲು: ಫ್ರಂಟ್ ಬ್ರೇಕ್ ಕೆಲಸ ಪೂರ್ತಿ. ಮೊತ್ತ ಸರ್ವಿಸ್ ಸೆಂಟರಿನ ಅರ್ಧಕ್ಕಿಂತ ಕಡಿಮೆ. "ಡಿಸ್ಕ್ ಹೊಸದೇ ಹಾಕ್ತೀನಿ ಅಣ್ಣ, ಪ್ಯಾಡೂ ಒರಿಜಿನಲ್ಲೇ" ಅಂದ. ಸಂಜೆ ಹೊತ್ತಿಗೆ ಕಾರು ರೆಡಿ. ನಡುಕ ಇರಲಿಲ್ಲ. ಬಿಲ್ಲಿನಲ್ಲೂ ಡಿಸ್ಕ್ ಅಂತ ಬರೆದು ದುಡ್ಡು ಹಾಕಿದ್ದ. ಹಳೇ ಡಿಸ್ಕ್ ಕೇಳಿದರೆ "ಗುಜರಿಗೆ ಹೋಯ್ತು" ಅಂದ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಅದೇ ನಡುಕ ಶುರು. ಈ ಸಲ ಜೊತೆಗೆ ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯುತ್ತಿತ್ತು. ಓಡಿಸಿ ನಿಲ್ಲಿಸಿದರೆ ಎಡ ಮುಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ. ಬಲಗಡೆಯ ರಿಮ್ ಬೆಚ್ಚಗಿದ್ದರೆ ಎಡಗಡೆಯದರ ಹತ್ತಿರ ಕೈ ಇಡೋಕೆ ಆಗುತ್ತಿರಲಿಲ್ಲ. ಆ ಗ್ಯಾರೇಜಿನವನು ಫೋನಿನಲ್ಲಿ "ಹೊಸ ಪ್ಯಾಡ್ ಅಲ್ವಾ, ಸೆಟ್ ಆಗ್ಲಿ ಬಿಡಿ" ಅಂತ ಸಾಗಹಾಕಿದ.

ಮೂರನೇ ಕಡೆ ಚಕ್ರ ಬಿಚ್ಚಿಸಿದೆ. ಇದು ಇನ್ನೊಂದು ಸಣ್ಣ ಗ್ಯಾರೇಜು, ಆದರೆ ಇಲ್ಲಿನ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡೋಕೆ ಬಿಟ್ಟರು. ಡಿಸ್ಕಿನ ಮುಖ ನೋಡಿದರೆ ಹೊಸದರ ಹಾಗೇ ಮಿರಮಿರ ಮಿಂಚುತ್ತಿತ್ತು. ಅವರು ಟಾರ್ಚ್ ಹಿಡಿದು ಡಿಸ್ಕಿನ ಅಂಚು ತೋರಿಸಿದರು. ಮುಂದಿನ ಡಿಸ್ಕ್ ಅಂದರೆ ಎರಡು ತಟ್ಟೆ, ನಡುವೆ ಗಾಳಿ ಆಡೋಕೆ ಸಂದುಗಳು. ಆ ಸಂದುಗಳ ಒಳಗೆ ಪದರ ಪದರವಾಗಿ ತುಕ್ಕು. ಕೆಲವು ವಾರದ ಹಿಂದೆ ಹಾಕಿದ ಡಿಸ್ಕಿಗೆ ಅಷ್ಟು ತುಕ್ಕು ಹಿಡಿಯಲು ಸಾಧ್ಯವೇ ಇಲ್ಲ. ಹಳೇ ಡಿಸ್ಕನ್ನೇ ಲೇತಿಗೆ ಕೊಟ್ಟು ಮುಖ ಹೆರೆಸಿ ಮತ್ತೆ ಕೂರಿಸಿದ್ದರು. ಡಿಸ್ಕಿನ ಮೇಲೇ ಕನಿಷ್ಠ ದಪ್ಪ 22 ಮಿ.ಮೀ. ಅಂತ ಅಚ್ಚಾಗಿತ್ತು. ಮೈಕ್ರೋಮೀಟರ್ ಇಟ್ಟಾಗ ಬಂದಿದ್ದು 21.4.

ಪ್ಯಾಡ್ ತೆಗೆದರೆ ಇನ್ನೊಂದು ಕಥೆ. ಹಿಂಬದಿಯ ಕಬ್ಬಿಣದ ತಗಡಿನ ಮೇಲೆ ತಯಾರಕರ ಹೆಸರಿಲ್ಲ, ನಂಬರಿಲ್ಲ. ಎಡಗಡೆ ಒಳಗಿನ ಪ್ಯಾಡ್ ಆಗಲೇ ಸವೆದು ಹೋಗಿತ್ತು, ಹೊರಗಿನದು ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಒಳಗಿನದು ಮಾತ್ರ ಹೀಗೆ ಸವೆದರೆ ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ನೋಡಬೇಕು. ಕೆಳಗಿನ ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇತ್ತು. ಅದರಿಂದ ಡಿಸ್ಕ್ ಕಾಯುತ್ತಿತ್ತು, ಅದರಿಂದಲೇ ನಡುಕ ವಾಪಸ್ ಬಂದಿತ್ತು. ಮೊದಲ ಗ್ಯಾರೇಜಿನವನು ಪ್ಯಾಡ್ ಬದಲಾಯಿಸುವಾಗ ಆ ಪಿನ್ನನ್ನು ಕೈಯಿಂದ ಎಳೆದು ನೋಡಿದ್ದರೂ ಸಾಕಿತ್ತು.

ಕನಿಷ್ಠ ದಪ್ಪಕ್ಕಿಂತ ತೆಳುವಾದರೆ ಏನಾಯ್ತೀಗ ಅಂತ ಕೆಲವರು ಕೇಳುತ್ತಾರೆ. ಬ್ರೇಕ್ ಅಂದರೆ ಕಾರಿನ ಓಟವನ್ನು ಬಿಸಿಯಾಗಿ ಬದಲಿಸುವ ಕೆಲಸ. ಆ ಬಿಸಿಯನ್ನು ಹಿಡಿದಿಟ್ಟು ಗಾಳಿಗೆ ಬಿಡುವುದು ಡಿಸ್ಕಿನ ಕಬ್ಬಿಣ. ಕಬ್ಬಿಣ ಕಡಿಮೆಯಾದಷ್ಟೂ ಬೇಗ ಕಾಯುತ್ತದೆ, ಬಿರುಕು ಬಿಡಬಹುದು. ಬಿಸಿ ಪ್ಯಾಡಿನಿಂದ ಅದನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಪೆಡಲಿನ ಒತ್ತಡ ಸಾಗಿಸುವ ಫ್ಲೂಯಿಡಿಗೆ ಹೋಗುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. 3.7 ಶೇಕಡಾ ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಫ್ಲೂಯಿಡ್ ಕುದ್ದು ಆವಿಯಾದರೆ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಇಳಿಜಾರಿನ ತಿರುವುಗಳಲ್ಲಿ ಬ್ರೇಕ್ ಮೇಲೆ ಬ್ರೇಕ್ ಹಾಕುತ್ತಾ ಬರುವಾಗ ಹೀಗಾದರೆ ಏನು ಗತಿ? ಅದಕ್ಕೇ ಬಹಳ ಕಂಪನಿಗಳು 2 ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಾಯಿಸಿ ಅನ್ನುತ್ತವೆ. ಸರ್ವಿಸ್ ಸೆಂಟರಿನ ಎರಡು ಪುಟದಲ್ಲಿ ಜಾಸ್ತಿ ಅನಿಸುವಂಥ ಸಾಲುಗಳು ಬೇಕಾದಷ್ಟಿದ್ದವು. ಈ ಫ್ಲೂಯಿಡ್ ಸಾಲು ಮಾತ್ರ ನ್ಯಾಯವಾದದ್ದು. ಗ್ಯಾರೇಜಿನ ಚೀಟಿಯಲ್ಲಿ ಅದು ಇರಲೇ ಇಲ್ಲ.

ಹಾಗಂತ ಸರ್ವಿಸ್ ಸೆಂಟರಿನವರು ಸಾಚಾ ಅಂತಲ್ಲ. ಎರಡೂ ಕ್ಯಾಲಿಪರ್ ಬದಲಾಯಿಸಬೇಕು ಅಂದಿದ್ದರಲ್ಲ, ಬೇಕಾಗಿದ್ದು ಪಿನ್ ಬಿಚ್ಚಿ ತುಕ್ಕು ತೆಗೆದು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಬೂಟ್ ಹಾಕುವುದಷ್ಟೇ. ಪಿಸ್ಟನ್ ಸಲೀಸಾಗಿ ಒಳಗೆ ಹೋಗುತ್ತಿತ್ತು, ಸೋರಿಕೆ ಇರಲಿಲ್ಲ. ಇನ್ನು ಲೇಬರ್ ನೋಡಿ. ಪ್ಯಾಡ್ ಬದಲಿಸಲು ಒಂದು ಲೇಬರ್, ಡಿಸ್ಕ್ ಬದಲಿಸಲು ಇನ್ನೊಂದು, ಕ್ಯಾಲಿಪರಿಗೆ ಮತ್ತೊಂದು. ಪ್ಯಾಡ್ ಮತ್ತು ಕ್ಯಾಲಿಪರ್ ಬಿಚ್ಚದೆ ಡಿಸ್ಕ್ ಹೊರಗೆ ಬರುವುದೇ ಇಲ್ಲ! ಒಂದೇ ಸಲ ಬಿಚ್ಚುವ ಕೆಲಸಕ್ಕೆ ಮೂರು ಸಲ ಕೂಲಿ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಅಂತ ಮೊದಲೇ ಬರೆದಿಟ್ಟ ಲೆಕ್ಕ ಇರುತ್ತದೆ. ಮೆಕ್ಯಾನಿಕ್ ನಿಜವಾಗಿ ಎಷ್ಟು ಹೊತ್ತು ಮಾಡಿದ ಅನ್ನುವುದರ ಮೇಲೆ ಬಿಲ್ ಆಗುವುದಿಲ್ಲ. ಕೆಲಸಗಳು ಒಂದರೊಳಗೊಂದು ಸೇರಿದಾಗ ಗಂಟೆ ಕಡಿಮೆ ಮಾಡಿ ಅಂತ ಕೇಳುವ ಹಕ್ಕು ನಮಗಿದೆ. ಕೇಳಿದರೆ ಎಷ್ಟೋ ಸಲ ಮಾಡುತ್ತಾರೆ ಕೂಡ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಮೂರನೇ ಕಡೆಯ ಬಿಲ್ಲು. ಇವರು ಹಾಕಿದ್ದು ಪಾರ್ಟ್ ನಂಬರ್ ಇರುವ ಒಳ್ಳೇ ಡಿಸ್ಕ್, ಒಳ್ಳೇ ಪ್ಯಾಡ್, ಹೊಸ ಫ್ಲೂಯಿಡ್, ಪಿನ್ ಕೆಲಸ. ಸರ್ವಿಸ್ ಸೆಂಟರಿನ ಎಸ್ಟಿಮೇಟಿನಿಂದ ಕ್ಯಾಲಿಪರ್, ಫ್ಲಶ್, ಎಸಿ ಎಲ್ಲಾ ಹೊಡೆದುಹಾಕಿ ಪಕ್ಕದಲ್ಲಿಟ್ಟು ನೋಡಿದೆ. ವ್ಯತ್ಯಾಸ ಇತ್ತು, ಆದರೆ ಅರ್ಧಕ್ಕರ್ಧ ಏನೂ ಇರಲಿಲ್ಲ. ಉಳಿದ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಲೇಬರಿನದು. ಸಾಮಾನಿನ ಬೆಲೆ ಹತ್ತಿರ ಹತ್ತಿರವೇ. ಒಂದು ಕಡೆ ಬೇಡದ್ದನ್ನು ಸೇರಿಸಿ ಏರಿಸಿದ್ದರು, ಇನ್ನೊಂದು ಕಡೆ ಬೇಕಾದ್ದನ್ನು ಕದ್ದು ಇಳಿಸಿದ್ದರು. ಎರಡೂ ಒಂದೇ ಕೆಲಸದ ರೇಟು ಆಗಿರಲೇ ಇಲ್ಲ.

ಆದ್ದರಿಂದ ಎಸ್ಟಿಮೇಟ್ ಕೇಳುವಾಗ ಪಾರ್ಟ್ ನಂಬರ್ ಸಮೇತ ಬರೆಸಿ. "ಒರಿಜಿನಲ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. ಕಾರು ಕಂಪನಿಯ ಡಬ್ಬದಲ್ಲಿ ಬರುವುದು ಒಂದು ಬಗೆ. ಬಾಷ್, ಡೆನ್ಸೋ, ವ್ಯಾಲಿಯೋ ಥರದವರು ಕಾರು ಕಂಪನಿಗಳಿಗೂ ಸಪ್ಲೈ ಮಾಡುತ್ತಾರೆ, ತಮ್ಮದೇ ಡಬ್ಬದಲ್ಲೂ ಮಾರುತ್ತಾರೆ. ಇದು ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ, ನಾನಂತೂ ಧೈರ್ಯವಾಗಿ ಹಾಕಿಸುತ್ತೇನೆ. ಹೆಸರೇ ಇಲ್ಲದ್ದು ಮೂರನೇ ಬಗೆ. ಕನ್ನಡಿಯ ಕವರೋ ಫ್ಲೋರ್ ಮ್ಯಾಟೋ ಆದರೆ ಪರವಾಗಿಲ್ಲ, ಬ್ರೇಕಿಗೆ ಬೇಡವೇ ಬೇಡ. ಕೆಲಸ ಶುರುವಾಗುವ ಮೊದಲೇ "ಹಳೇ ಸಾಮಾನು ಡಿಕ್ಕಿಯಲ್ಲಿ ಇಟ್ಟಿರಿ" ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಬಿಡಿ. ಆಮೇಲೆ ಕೇಳಿದರೆ ಗುಜರಿ ಕಥೆ ಬರುತ್ತದೆ. ಹಳೇ ಡಿಸ್ಕಿನ ಫೋಟೋ, ಸ್ಪೀಡೋಮೀಟರಿನ ಕಿಲೋಮೀಟರ್ ಫೋಟೋ ಎರಡೂ ಇರಲಿ. ಡಿಸ್ಕ್ ಹೆರೆಸುವುದೇ ಮೋಸ ಅಂತಲ್ಲ. ದಪ್ಪ ಸಾಕಷ್ಟಿದ್ದರೆ ಅದು ಸರಿಯಾದ ಕೆಲಸವೇ. ಹೆರೆದ ಮೇಲೆ ಎಷ್ಟು ಉಳಿಯಿತು ಅಂತ ಅಳೆದು ಬಿಲ್ಲಿನಲ್ಲಿ ಬರೆಯಬೇಕು, ಹೊಸದರ ದುಡ್ಡು ತಗೋಬಾರದು.

ವಾರಂಟಿ ಇರುವವರಿಗೆ ಇನ್ನೊಂದು ಹೆದರಿಕೆ ಹುಟ್ಟಿಸುತ್ತಾರೆ, ಹೊರಗೆ ಮುಟ್ಟಿಸಿದರೆ ವಾರಂಟಿ ಹೋಯಿತು ಅಂತ. ಅದು ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಪ್ರಕಾರ ಸರ್ವಿಸ್ ನಮ್ಮಲ್ಲೇ ಮಾಡಿಸಬೇಕು ಅಂತ ಷರತ್ತು ಹಾಕಿ ವಾರಂಟಿ ಕೊಡುವ ಹಾಗಿಲ್ಲ, ಅದನ್ನು ಪುಕ್ಕಟೆ ಮಾಡಿಕೊಟ್ಟರೆ ಬೇರೆ ಮಾತು. ಭಾರತದಲ್ಲಿ 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿ, ಸ್ಕ್ಯಾನಿಂಗ್ ಉಪಕರಣ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕಬೇಡಿ ಅಂತಲೂ ಹೇಳಿತು. ಆದರೆ ಹೊರಗಿನವರ ಕೆಲಸದಿಂದಲೇ ಏನಾದರೂ ಕೆಟ್ಟರೆ ಅದನ್ನು ಕಂಪನಿ ಹೊರುವುದಿಲ್ಲ. ಬಿಲ್ಲು ಜೋಪಾನ.

ನನ್ನ ಲೆಕ್ಕದಲ್ಲಿ ಏರ್‌ಬ್ಯಾಗ್, ಕೀ ಪ್ರೋಗ್ರಾಮಿಂಗ್, ಸಾಫ್ಟ್‌ವೇರ್ ತೊಂದರೆಗೆ ಕಂಪನಿ ಸರ್ವಿಸ್ ಸೆಂಟರೇ ಸರಿ. ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಯುವ ರೀಕಾಲ್ ಇದ್ದರಂತೂ ಅಲ್ಲೇ ಹೋಗಿ, ದುಡ್ಡು ಕೊಡಬೇಕಾಗಿಲ್ಲ. ಬ್ರೇಕ್, ಸಸ್ಪೆನ್ಷನ್, ಕ್ಲಚ್ ಥರದ ಕೈಕೆಲಸಕ್ಕೆ ಅಳತೆ ತೋರಿಸುವ ಗ್ಯಾರೇಜ್ ಸಿಕ್ಕರೆ ಬಿಡಬೇಡಿ. ಚಕ್ರ ಬಿಚ್ಚದೆ ರೇಟು ಹೇಳುವವರು ದೊಡ್ಡ ಬೋರ್ಡಿನವರಾದರೂ ಅಷ್ಟೇ, ಸಣ್ಣ ಶೆಡ್ಡಿನವರಾದರೂ ಅಷ್ಟೇ, ದೂರ ಇರಿ.

ಮೊದಲ ಗ್ಯಾರೇಜಿನವನ ಹತ್ತಿರ ಆ ಡಿಸ್ಕುಗಳನ್ನೇ ಹೊತ್ತುಕೊಂಡು ಹೋದೆ. ಜೊತೆಗೆ ಅವನದೇ ಬಿಲ್ಲು, ಮೈಕ್ರೋಮೀಟರಿನ ಫೋಟೋ. ಮೊದಲು ಕೆಲಸದ ಹುಡುಗನ ಮೇಲೆ ಹಾಕಿದ, ಆಮೇಲೆ ಲೇತಿನವರ ಮೇಲೆ. ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ಡಿಸ್ಕಿನ ದುಡ್ಡು ವಾಪಸ್ ಕೊಟ್ಟ. ಲೇಬರ್ ಕೊಡೋಕೆ ಒಪ್ಪಿಲ್ಲ, "ಕೆಲಸ ಮಾಡಿದ್ದು ನಿಜ ಅಲ್ವಾ ಅಣ್ಣ" ಅನ್ನುತ್ತಾನೆ.