ಹಳೇ ಆಟೋಮ್ಯಾಟಿಕ್ ಕಾರು ಇರುವವರೇ, 'ಮಷಿನ್ ಫ್ಲಶ್' ಅಂದರೆ ಗಾಡಿ ತಿರುಗಿಸಿ ಬನ್ನಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೇರ್‌ಬಾಕ್ಸಿನ ಹಳೇ ಆಯಿಲನ್ನು ಮಷಿನ್ ಒತ್ತಡದಿಂದ ಹೊರಗೆ ತಳ್ಳಿ ಹೊಸದು ತುಂಬುವ 'ಮಷಿನ್ ಫ್ಲಶ್' ಮಾಡಿಸಿ ನನ್ನ 14,200 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ನೋವು ಬೇರೆ ಇದೆ. ಚೆನ್ನಾಗಿ ಓಡುತ್ತಿದ್ದ ಕಾರನ್ನು ನಾನೇ ಕೈಯಾರೆ ಒಯ್ದು ಕೆಡಿಸಿಕೊಂಡು ಬಂದೆ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ.

ಕಾರು 2010ರ ಹೋಂಡಾ ಸಿಟಿ, ಐದು ಗೇರಿನ ಆಟೋಮ್ಯಾಟಿಕ್, 1,18,000 ಕಿಲೋಮೀಟರ್ ಓಡಿದೆ. ಅಪ್ಪನ ಎಡ ಮೊಣಕಾಲಿಗೆ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಅದಕ್ಕೇ ಹುಡುಕಿ ಹುಡುಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಹಿಂದಿನ ಮಾಲೀಕರು ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದರೋ ಇಲ್ಲವೋ, ಒಂದು ಚೀಟಿಯೂ ಇರಲಿಲ್ಲ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಸಣ್ಣ ಜರ್ಕ್ ಇತ್ತು. ಅಷ್ಟೇ. ಬೇರೇನೂ ಇರಲಿಲ್ಲ.

ನಾನು ಹೋದದ್ದು ಎಂಜಿನ್ ಆಯಿಲ್‌ಗೆ. ಹುಬ್ಬಳ್ಳಿಯ ಒಂದು ಗ್ಯಾರೇಜು. ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಡುತ್ತಿದ್ದೇನೆ. ಮಾತಿನ ಮಧ್ಯೆ ಜರ್ಕ್ ಬಗ್ಗೆ ಹೇಳಿದೆ. ಅಲ್ಲಿನ ಮೆಕ್ಯಾನಿಕ್ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ) ಎಳೆದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ನನ್ನ ಮುಂದೆ ಹಿಡಿದ. "ಸರ್, ನೋಡ್ರಿ, ಡಾಂಬರ್ ಆಗೇತಿ. ಹಿಂಗ ಓಡಿಸಿದ್ರ ಗೇರ್‌ಬಾಕ್ಸ್ ಹೋಗತೈತಿ, ಆಮ್ಯಾಲೆ ಲಕ್ಷದ ಮ್ಯಾಲೆ ಖರ್ಚು." ಹನಿ ಕಪ್ಪಾಗಿತ್ತು, ನಿಜ. ಹೆದರಿದೆ. ಮಷಿನ್ ಹಾಕಿ ಫ್ಲಶ್ ಮಾಡಿದರೆ ಹಳೆಯದು ಒಂದು ಹನಿಯೂ ಉಳಿಯುವುದಿಲ್ಲ ಅಂದ. ನಾನು ಒಂದೇ ಪ್ರಶ್ನೆ ಕೇಳಿದೆ: ಹೋಂಡಾದ ಡಿಡಬ್ಲ್ಯೂ-1 ಆಯಿಲ್ ತಾನೇ ಹಾಕೋದು? "ಅದ ಗ್ರೇಡ್ ರೀ. ಇದು ಇಂಪೋರ್ಟೆಡ್, ಎಲ್ಲಾ ಗಾಡಿಗೂ ನಡೀತೈತಿ."

ಎಲ್ಲಾ ಗಾಡಿಗೂ ನಡೆಯುತ್ತದೆ ಅಂದಾಗಲೇ ಕೀ ಇಸಿದುಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಒಳಗೆ ನಿಂತು ನೋಡಲೂ ಬಿಡಲಿಲ್ಲ, ಹೊರಗೆ ಕುರ್ಚಿ ಹಾಕಿ ಚಹಾ ಕೊಟ್ಟರು. ಡಬ್ಬಿಯ ಮುಖವನ್ನೂ ನಾನು ನೋಡಿಲ್ಲ.

ನಾಲ್ಕನೇ ದಿನ ಅಪ್ಪನನ್ನು ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ತೋರಿಸಿಕೊಂಡು ಧಾರವಾಡಕ್ಕೆ ವಾಪಸ್ ಬರುತ್ತಿದ್ದೆ. ನವಲೂರು ಸೇತುವೆಯ ಏರಿನಲ್ಲಿ ಎಂಜಿನ್ ಒಮ್ಮೆಲೇ ಕೂಗಿತು. ಆರ್‌ಪಿಎಂ ಮೇಲೆ ಹೋಗುತ್ತಿದೆ, ಗಾಡಿ ಎಳೆಯುತ್ತಿಲ್ಲ. ಮೀಟರ್‌ನಲ್ಲಿ 'ಡಿ' ದೀಪ ಮಿಣುಕಲು ಶುರುವಾಯಿತು, ಗೇರ್‌ಬಾಕ್ಸಿನಲ್ಲಿ ತೊಂದರೆ ಅನ್ನುವ ಸೂಚನೆ ಅದು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಪಕ್ಕದಲ್ಲಿ ಬಾಗಿಲ ಹಿಡಿ ಗಟ್ಟಿ ಹಿಡಿದು ಕೂತಿದ್ದರು. ಆ ಎರಡು ನಿಮಿಷ ನಾನು ಮರೆಯುವುದಿಲ್ಲ.

ಗ್ಯಾರೇಜಿಗೆ ಫೋನ್ ಮಾಡಿದರೆ ಮೊದಲ ಉತ್ತರ: "ಹಳೇ ಗಾಡಿ ಸರ್, ಮೊದಲ ಕೆಟ್ಟಿತ್ತು." ಮೊದಲೇ ಕೆಟ್ಟಿದ್ದರೆ ಹೊಸ ಜೀವ ಬರುತ್ತದೆ ಅಂತ 14,200 ಯಾಕೆ ತೆಗೆದುಕೊಂಡೆ? ಇದಕ್ಕೆ ಉತ್ತರ ಇಲ್ಲ. ಮರುದಿನ: "ಸೆಟ್ ಆಗಾಕ ಐನೂರು ಕಿಲೋಮೀಟರ್ ಬೇಕ್ರಿ." ಅದರ ಮರುದಿನ ಫೋನ್ ಎತ್ತಲಿಲ್ಲ.

ಗಾಡಿಯನ್ನು ಧಾರವಾಡದ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಮೊದಲು ಬಿಲ್ ಕೇಳಿದರು. ಓದುತ್ತಾ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಪ್ಯಾನ್ ಗ್ಯಾಸ್ಕೆಟ್ – 1,850.' ನನ್ನ ಮುಖ ನೋಡಿ ಅಂದರು: "ಸರ್, ಈ ಗಾಡಿ ಗೇರ್‌ಬಾಕ್ಸಿಗೆ ಬಿಚ್ಚೋ ಪ್ಯಾನ್ ಇಲ್ಲಲ್ರೀ."

ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸ್ ಕೆಳಗೆ ತಟ್ಟೆಯಂಥ ಪ್ಯಾನ್ ಇರುತ್ತದೆ. ಅದನ್ನು ಬಿಚ್ಚಿದರೆ ಗ್ಯಾಸ್ಕೆಟ್, ಅಂದರೆ ಆಯಿಲ್ ಸೋರದಂತೆ ಮಧ್ಯೆ ಇಡುವ ಪಟ್ಟಿ, ಬದಲಿಸಬೇಕು. ಈ ಹೋಂಡಾದಲ್ಲಿ ಅದಿಲ್ಲ. ಕೆಳಗೆ ಆಯಿಲ್ ಇಳಿಸಲು ಒಂದು ಡ್ರೇನ್ ಬೋಲ್ಟ್, ಅಷ್ಟೇ. ಇಲ್ಲದ ಪ್ಯಾನಿಗೆ ಗ್ಯಾಸ್ಕೆಟ್ ಹಾಕಿದ್ದಾರೆ! ನಾನು ದುಡ್ಡು ಕೊಟ್ಟು, ಥ್ಯಾಂಕ್ಸ್ ಅಂತಲೂ ಹೇಳಿ ಬಂದಿದ್ದೇನೆ. ಅಲ್ಲಿ ನಿಂತಲ್ಲೇ ಕಿವಿ ಬಿಸಿಯಾಯಿತು. ಮನೆಯಲ್ಲಿ ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು.

ಹುಬ್ಬಳ್ಳಿ ಗ್ಯಾರೇಜಿನವನಿಗೆ ಬಿಲ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದೆ. ಬಂದ ಉತ್ತರ: "ಅದು ಪ್ಯಾಕೇಜ್ ರೀ, ಕಂಪ್ಯೂಟರ್‌ದಾಗ ಹಂಗ ಬರತೈತಿ." ಮತ್ತೆ ಕೇಳಿದೆ. "1,850 ವಾಪಸ್ ಹಾಕ್ತೀನಿ, ಅಲ್ಲಿಗೆ ಮುಗಿಸ್ರಿ." ಉಳಿದದ್ದು? "ನೀವ ಒಪ್ಪಿದ್ರಿ, ನಾವ್ ಮಾಡೀವಿ."

ನೀವೇ ಒಪ್ಪಿದಿರಿ. ಈ ಮಾತು ಈಗಲೂ ಚುಚ್ಚುತ್ತದೆ. ನಾನು ಒಪ್ಪಿದ್ದು ಅವನ ಮಾತು ನಂಬಿ ಅಲ್ವಾ?

ಧಾರವಾಡದವರು ಆಯಿಲ್ ಲೆವೆಲ್ ನೋಡಿದರು. ಗಾಡಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ಡಿಪ್‌ಸ್ಟಿಕ್ ತೆಗೆದರು. ಮೇಲಿನ ಗುರುತು ದಾಟಿ ಎಷ್ಟೋ ಮೇಲಿತ್ತು. ಆಯಿಲ್ ಜಾಸ್ತಿಯಾದರೆ ಒಳಗೆ ತಿರುಗುವ ಗೇರು ಅದನ್ನು ಕಡೆದು ನೊರೆ ಮಾಡುತ್ತದಂತೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಜಾರುತ್ತವೆ. ಅದರ ಮೇಲೆ ಆಯಿಲ್ಲೇ ಬೇರೆ ಜಾತಿಯದು. ಇನ್ನು ಮಷಿನ್ ಒತ್ತಡಕ್ಕೆ ವರ್ಷಗಟ್ಟಲೆ ತಳದಲ್ಲಿ ಕೂತ ಕಸ ಎದ್ದು ಆಯಿಲ್ ಒತ್ತಡ ಹಂಚಿ ಗೇರು ಬದಲಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿರಬಹುದು, ಬಿಚ್ಚದೆ ಹೇಳಲಾಗದು ಅಂದರು.

ಹಾಗಾದರೆ ಹಳೇ ಗಾಡಿಯ ಆಯಿಲ್ ಮುಟ್ಟಲೇಬಾರದಾ ಅಂತ ಕೇಳಿದೆ. ಹಾಗಲ್ಲ, ಬದಲಿಸಬೇಕು ಅಂದರು. ಆದರೆ ಸುಮ್ನೆ ಬೋಲ್ಟ್ ಬಿಚ್ಚಿ, ತಾನಾಗಿ ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ಹಾಕಬೇಕು. ನನ್ನ ಕಾರಿನಲ್ಲಿ ಸುಮಾರು ಎರಡೂವರೆ ಲೀಟರ್ ಇಳಿಯುತ್ತದೆ. ಉಳಿದದ್ದು ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲೂ ಒಳಗಿನ ದಾರಿಗಳಲ್ಲೂ ನಿಲ್ಲುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಹಾಗೇ ಮಾಡಬೇಕು, ಮೂರು ಸಲ. ನಿಧಾನದ ಕೆಲಸ, ಗ್ಯಾರೇಜಿಗೆ ಲಾಭ ಕಡಿಮೆ. ಅದಕ್ಕೇ ನನಗೆ ಯಾರೂ ಇದನ್ನು ಹೇಳಲಿಲ್ಲ. ಆಯಿಲ್ ಸುಟ್ಟ ವಾಸನೆ ಬರುತ್ತಿದ್ದರೆ, ಗೇರು ಮೊದಲೇ ಜಾರುತ್ತಿದ್ದರೆ, ಹೊಸ ಆಯಿಲ್‌ನಿಂದ ಸವೆದ ಪ್ಲೇಟ್ ಸರಿಯಾಗುವುದಿಲ್ಲ. ನನ್ನದು ಜಾರುತ್ತಿರಲಿಲ್ಲ. ನನ್ನದು ಜಾರುತ್ತಿರಲಿಲ್ಲ ಅನ್ನುವುದೇ ಸಂಕಟ.

ಈಗ ಎರಡು ಸಲ ಇಳಿಸಿ ಡಿಡಬ್ಲ್ಯೂ-1 ಹಾಕಿಸಿದ್ದೇವೆ. ದೀಪ ಆರಿದೆ. ಆದರೆ ಗಾಡಿ ಬಿಸಿಯಾದ ಮೇಲೆ ಏರಿನಲ್ಲಿ ಮೂರನೇ ಗೇರ್ ಇನ್ನೂ ಜಾರುತ್ತಿದೆ. ಗೇರ್‌ಬಾಕ್ಸ್ ಬಿಚ್ಚಿದರೆ ಆಗುವ ಖರ್ಚು ಸದ್ಯ ನನ್ನ ಕೈಯಲ್ಲಿಲ್ಲ. ಅಪ್ಪ ಕೋಲು ಹಿಡಿದು ಸ್ಟಾಪ್‌ವರೆಗೆ ನಡೆದು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದಾರೆ. ಒಂದು ಮಾತೂ ಅಂದಿಲ್ಲ ನನಗೆ.

ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ಆಯಿಲ್ ಬರೆದಿದೆಯೋ ಅದರ ಸೀಲ್ ಡಬ್ಬಿ ನೀವೇ ಕೊಂಡೊಯ್ಯಿರಿ. ಪಕ್ಕದಲ್ಲಿ ನಿಂತು ಹಾಕಿಸಿ. ನಿಲ್ಲಬೇಡಿ ಅಂದರೆ ಬೇರೆ ಕಡೆ ಹೋಗಿ. ಚಹಾ ಕುಡಿಯುತ್ತಾ ಕೂರಬೇಡಿ.

ನಾನು ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಿಲ್ಲು, ವಾಟ್ಸಾಪ್ ಮಾತು ಎಲ್ಲ ಪ್ರಿಂಟ್ ತೆಗೆದು ಕೊಡುತ್ತಿದ್ದೇನೆ. 5 ಲಕ್ಷದೊಳಗಿನ ವಿಷಯಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ನಿಮ್ಮಲ್ಲಿ ಯಾರಾದರೂ ಇಂಥ ಫ್ಲಶ್ ಮಾಡಿಸಿದ್ದರೆ ಹಳೇ ಬಿಲ್ ತೆಗೆದು ಒಂದೊಂದೇ ಸಾಲು ಓದಿ ನೋಡಿ. ನಿಮ್ಮ ಕಾರಿಗೂ ಇಲ್ಲದ ಪ್ಯಾನಿಗೆ ಗ್ಯಾಸ್ಕೆಟ್ ಹಾಕಿರಬಹುದು.